ಆಮೆಯ ಬೆನ್ನಿನ ಮೇಲಿನ ಲೋಕ: ‘ದಿ ಕಲರ್ ಆಫ್ ಮ್ಯಾಜಿಕ್’ ಓದಿ ನಿಮಗೆ ನಗು ಬಂತೇ?

ಕುಮಟೆಯ ಹಳೆಯ ಮಾಸ್ತರ:

ಎಲ್ಲರಿಗೂ ನಮಸ್ಕಾರ. ಕುಮಟೆಯಲ್ಲಿ ನಾವು ಎಂಟು ಜನ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯ ಜಗಲಿಯಲ್ಲಿ ಸೇರಿ, ಎಲ್ಲರೂ ಓದಿಕೊಂಡು ಬಂದ ಒಂದು ಪುಸ್ತಕದ ಬಗ್ಗೆ ಮಾತನಾಡುತ್ತೇವೆ. ಈ ಸಲ ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗಳ ಒತ್ತಾಯಕ್ಕೆ ಕಟ್ಟುಬಿದ್ದು, ಇಂಗ್ಲಿಷ್ ಲೇಖಕ ಟೆರಿ ಪ್ರ್ಯಾಚೆಟ್ ಅವರ ‘ದಿ ಕಲರ್ ಆಫ್ ಮ್ಯಾಜಿಕ್’ ಕಾದಂಬರಿಯನ್ನು ಆರಿಸಿಕೊಂಡೆವು. 1983ರಲ್ಲಿ ಪ್ರಕಟವಾದ ಈ ಪುಸ್ತಕ, ‘ಡಿಸ್ಕ್‌ವರ್ಲ್ಡ್’ ಎಂಬ 41 ಕಾದಂಬರಿಗಳ ಮಾಲೆಯಲ್ಲಿ ಮೊದಲನೆಯದು. ನಮ್ಮ ಎಂಟು ಜನರಲ್ಲಿ ಮೂವರು ಐವತ್ತು ಪುಟ ದಾಟಲಿಲ್ಲ. ಇಬ್ಬರು ನಕ್ಕು ನಕ್ಕು ಮುಗಿಸಿದರು. ಇನ್ನಿಬ್ಬರು ಮುಗಿಸಿದರಾದರೂ ಏಕೆ ಮುಗಿಸಿದೆವೆಂದು ತಮಗೇ ತಿಳಿಯದೆಂದರು. ಎಂಟನೆಯವನಾದ ನಾನು ಯಾವ ಪಕ್ಷಕ್ಕೆ ಸೇರಬೇಕೆಂದು ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ.

ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂದು ದೊಡ್ಡ ಆಮೆ ನಕ್ಷತ್ರಗಳ ನಡುವೆ ಈಜುತ್ತಿದೆ. ಅದರ ಬೆನ್ನಿನ ಮೇಲೆ ನಾಲ್ಕು ಆನೆಗಳಿವೆ, ಆ ಆನೆಗಳ ಮೇಲೆ ಹರಿವಾಣದಂತೆ ಚಪ್ಪಟೆಯಾದ ಲೋಕವಿದೆ. ಆ ಲೋಕದ ಆಂಖ್-ಮಾರ್ಪೋರ್ಕ್ ಎಂಬ ಕೊಳಕು ಪಟ್ಟಣಕ್ಕೆ ಟೂಫ್ಲವರ್ ಎಂಬ ವಿಮಾ ಗುಮಾಸ್ತ ದೂರದ ಚಿನ್ನದ ನಾಡಿನಿಂದ ಊರು ನೋಡಲು ಬರುತ್ತಾನೆ. ಅವನ ಹಿಂದೆಯೇ ನೂರಾರು ಪುಟ್ಟ ಕಾಲುಗಳುಳ್ಳ, ಸಿಟ್ಟು ಬಂದರೆ ಮನುಷ್ಯರನ್ನೇ ನುಂಗುವ ಒಂದು ಪೆಟ್ಟಿಗೆ ನಡೆದುಕೊಂಡು ಬರುತ್ತದೆ. ರಿನ್ಸ್‌ವಿಂಡ್ ಎಂಬ ಮಂತ್ರವಾದಿ ಅವನಿಗೆ ದಾರಿ ತೋರಿಸುವವನಾಗುತ್ತಾನೆ. ಈ ಮಂತ್ರವಾದಿಗೆ ಮಂತ್ರವೇ ಬಾರದು. ಏಕೆಂದರೆ ಲೋಕವನ್ನು ಸೃಷ್ಟಿಸಿದ ಎಂಟು ಮಹಾಮಂತ್ರಗಳಲ್ಲಿ ಒಂದು ಅವನ ತಲೆಯೊಳಗೆ ಬಂದು ಕುಳಿತುಬಿಟ್ಟಿದ್ದು, ಅದರ ಹೆದರಿಕೆಗೆ ಬೇರೆ ಯಾವ ಮಂತ್ರವೂ ಅಲ್ಲಿ ನಿಲ್ಲುವುದಿಲ್ಲ. ಓಡುವುದೊಂದೇ ಅವನ ವಿದ್ಯೆ.

ನನ್ನ ತೊಡಕು ಎರಡು ಬಗೆಯದು. ಆಮೆ, ಆನೆಗಳ ಮೇಲೆ ನಿಂತ ಲೋಕ ಎಂಬ ಮೊದಲ ಪುಟದ ಮಾತಿಗೇ ಇಂಗ್ಲಿಷ್ ಓದುಗರು ನಗುತ್ತಾರಂತೆ. ಮಂದರ ಪರ್ವತವನ್ನು ಹೊತ್ತ ಕೂರ್ಮನ ಕಥೆಯನ್ನೂ ಎಂಟು ದಿಕ್ಕುಗಳನ್ನು ಹೊತ್ತ ದಿಗ್ಗಜಗಳ ಹೆಸರುಗಳನ್ನೂ ಅಜ್ಜಿಯ ತೊಡೆಯ ಮೇಲೆ ಕುಳಿತೇ ಕೇಳಿದ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಇನ್ನೂ ನಾಲ್ಕು ಆನೆಗಳೆಲ್ಲಿ ಎಂದು ನಮ್ಮಲ್ಲೊಬ್ಬರು ಗಂಭೀರವಾಗಿಯೇ ಕೇಳಿದರು. ಇನ್ನೊಂದು ತೊಡಕು ಅಣಕದ್ದು. ಇದರಲ್ಲಿ ಬರುವ ಹ್ರೂನ್ ಎಂಬ ಕತ್ತಿವೀರ, ಡ್ರ್ಯಾಗನ್‌ಗಳು ವಾಸಿಸುವ ತಲೆಕೆಳಗಾದ ಬೆಟ್ಟ, ಕತ್ತಲ ಗುಡಿಯ ಹಲವು ಕಾಲುಗಳ ಭೂತ, ಇವೆಲ್ಲವೂ ಅಲ್ಲಿ ಮೊದಲೇ ಜನಪ್ರಿಯವಾಗಿದ್ದ ಬೇರೆ ಬೇರೆ ಕಥೆಗಳ ಗೇಲಿಯೆಂದು ಮೊಮ್ಮಗಳು ಹೇಳಿದಳು. ಮೂಲವನ್ನೇ ನೋಡದವನಿಗೆ ಅಣಕು ಹೇಗೆ ರುಚಿಸೀತು? ಓದಿದವರು ತಮ್ಮ ಅನುಭವವನ್ನು ದಯವಿಟ್ಟು ಬಿಚ್ಚಿ ಬರೆಯಬೇಕು. ಮುಂದಿನ ತಿಂಗಳೂ ಇದೇ ಮಾಲೆಯ ಪುಸ್ತಕವನ್ನು ಓದಬೇಕೋ, ಇಲ್ಲಿಗೇ ಕೈಬಿಡಬೇಕೋ ಎಂಬುದನ್ನು ನಿಮ್ಮ ಉತ್ತರಗಳನ್ನು ನೋಡಿ ತೀರ್ಮಾನಿಸುತ್ತೇವೆ.

ಕುಡ್ಲೆ ದಾರಿ (ಗೋಕರ್ಣ):

ಮಾಸ್ತರೇ, ನಾನು ಆ ಮೂಲಗಳಲ್ಲಿ ಒಂದನ್ನೂ ಓದಿದವನಲ್ಲ. ಆದರೂ ಮೊದಲ ಭಾಗವನ್ನು ಎರಡು ಸಲ ಓದಿದೆ. ಗೋಕರ್ಣದಲ್ಲಿ ಇಪ್ಪತ್ತು ವರ್ಷದಿಂದ ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಟ್ಟು ಬದುಕುತ್ತಿರುವ ನನಗೆ ಅದನ್ನು ಅರ್ಥ ಮಾಡಿಕೊಳ್ಳಲು ಬೇರೆ ಪುಸ್ತಕದ ಸಹಾಯ ಬೇಕಾಗಲಿಲ್ಲ.

ಟೂಫ್ಲವರ್ ಆ ಲೋಕದ ಮೊದಲ ಪ್ರವಾಸಿ. ಆ ಊರಿನವರಿಗೆ ಅಂಥದೊಂದು ಪದವೇ ಗೊತ್ತಿಲ್ಲ. ಕೆಲಸವಿಲ್ಲದೆ, ಹರಕೆಯಿಲ್ಲದೆ, ನೆಂಟರಿಲ್ಲದೆ ಒಬ್ಬ ಮನುಷ್ಯ ಸಾವಿರಾರು ಮೈಲಿ ದಾಟಿ ಸುಮ್ಮನೆ ನೋಡಲು ಬರುತ್ತಾನೆಂದರೆ ಅವರು ನಂಬುವುದಿಲ್ಲ. ರಿನ್ಸ್‌ವಿಂಡ್ ಕೊನೆಗೆ ಆ ಪದಕ್ಕೆ ದಡ್ಡನೆಂಬ ಅರ್ಥವಿರಬೇಕೆಂದು ತೀರ್ಮಾನಿಸಿಕೊಳ್ಳುತ್ತಾನೆ. ನನ್ನ ಅಪ್ಪ ಓಂ ಕಡಲತೀರದ ಗುಡ್ಡದ ಮೇಲೆ ಮೊದಲ ಸಲ ಬಿಳಿಯರು ಚಾಪೆ ಹಾಸಿ ಮಲಗಿದ್ದನ್ನು ಕಂಡಾಗ ಮನೆಗೆ ಬಂದು ಹೇಳಿದ್ದೂ ಹೆಚ್ಚುಕಡಿಮೆ ಇದೇ. ಶಿವರಾತ್ರಿಗೆ ಬರುವವನು, ಪಿತೃಕಾರ್ಯಕ್ಕೆ ಬರುವವನು ನಮಗೆ ಗೊತ್ತಿದ್ದ. ಸೂರ್ಯ ಮುಳುಗುವುದನ್ನು ನೋಡಲಿಕ್ಕೆಂದೇ ಬರುವವನು ಗೊತ್ತಿರಲಿಲ್ಲ. ಸೂರ್ಯ ಅವನ ಊರಿನಲ್ಲಿ ಮುಳುಗುವುದಿಲ್ಲವೇ ಎಂದು ಅಜ್ಜಿ ಕೇಳಿದ್ದಳು.

ಟೂಫ್ಲವರ್ ಚಿನ್ನದ ನಾಣ್ಯದ ಬೆಲೆ ತಿಳಿಯದೆ ಒಂದು ಹೊತ್ತಿನ ಊಟಕ್ಕೆ ಊರನ್ನೇ ಕೊಳ್ಳುವಷ್ಟು ಸುರಿಯುತ್ತಾನೆ, ಮರುಕ್ಷಣವೇ ಪಟ್ಟಣದ ಕಳ್ಳರೆಲ್ಲರೂ ಅವನ ಹಿಂದೆ ಬೀಳುತ್ತಾರೆ. ಹೆಂಡದಂಗಡಿಯ ಜಗಳದಲ್ಲಿ ಕತ್ತಿಗಳು ಹಾರಾಡುತ್ತಿದ್ದರೆ ಇವನು ಅದನ್ನೊಂದು ಸ್ಥಳೀಯ ಸಂಪ್ರದಾಯವೆಂದು ಭಾವಿಸಿ ಚಿತ್ರ ತೆಗೆಯಲು ನಿಲ್ಲುತ್ತಾನೆ. ಅವನ ಕ್ಯಾಮರಾದೊಳಗೆ ಒಂದು ಪುಟ್ಟ ಭೂತ ಕುಳಿತು ಕುಂಚದಿಂದ ಚಿತ್ರ ಬರೆದುಕೊಡುತ್ತದೆ. ಇದನ್ನು ಓದುವಾಗ ನಮ್ಮ ರಥಬೀದಿಯಲ್ಲಿ ಇಬ್ಬರು ಅಂಗಡಿಯವರ ನಿಜವಾದ ಜಗಳವನ್ನು ಆಚರಣೆಯೆಂದುಕೊಂಡು ಮೊಬೈಲ್ ಹಿಡಿದು ನಿಂತಿದ್ದ ಒಬ್ಬ ಅತಿಥಿಯ ನೆನಪಾಗಿ ನಾನು ಒಬ್ಬನೇ ಕುಳಿತು ನಕ್ಕಿದ್ದೇನೆ.

ಆದರೆ ಲೇಖಕ ಪ್ರವಾಸಿಯನ್ನು ಮಾತ್ರ ಗೇಲಿ ಮಾಡಿ ಕೈತೊಳೆದುಕೊಂಡಿಲ್ಲ ಎಂಬುದೇ ನನಗೆ ಹಿಡಿಸಿತು. ಟೂಫ್ಲವರ್ ಛತ್ರದ ಮಾಲೀಕನಿಗೆ ಬೆಂಕಿಯ ವಿಮೆ ಮಾಡಿಸಿಕೊಡುತ್ತಾನೆ. ಕಟ್ಟಡ ಸುಟ್ಟುಹೋದರೆ ಹಣ ಬರುತ್ತದೆಂಬ ಮಾತು ಮಾಲೀಕನ ಕಿವಿಗೆ ಬಿದ್ದದ್ದೇ ತಡ, ಅವನು ತಾನೇ ಬೆಂಕಿ ಹಚ್ಚುತ್ತಾನೆ, ಇಡೀ ಪಟ್ಟಣ ಹೊತ್ತಿಕೊಳ್ಳುತ್ತದೆ. ಆಮೆಯ ಮಾತು ಮುಗಿದ ಮೇಲೆ ಕಥೆ ಆರಂಭವಾಗುವುದೇ ಆ ಉರಿಯುವ ಪಟ್ಟಣವನ್ನು ಗುಡ್ಡದ ಮೇಲಿನಿಂದ ಇಬ್ಬರು ನೋಡುವುದರಿಂದ; ಕಾರಣ ಆಮೇಲೆ ತಿಳಿಯುತ್ತದೆ. ಹೊರಗಿನಿಂದ ಬಂದ ಹಣ ಊರಿನ ಬುದ್ಧಿಯನ್ನು ಏನು ಮಾಡುತ್ತದೆಂಬುದನ್ನು ಗದ್ದೆ ಮಾರಿ ಕೋಣೆ ಕಟ್ಟಿಸಿದವರಿಗೆ, ಅಂದರೆ ನನ್ನಂಥವರಿಗೆ, ಯಾರೂ ವಿವರಿಸಬೇಕಾಗಿಲ್ಲ. ನಿಮ್ಮ ಗುಂಪಿನ ಆ ಮೂವರನ್ನು ಒಂದು ಡಿಸೆಂಬರ್ ತಿಂಗಳಲ್ಲಿ ಇಲ್ಲಿಗೆ ಕಳುಹಿಸಿ. ಪುಸ್ತಕವನ್ನು ಆಮೇಲೆ ಓದಲಿ.

ಸೋಂದೆ ಕಡೆಯವಳು (ಶಿರಸಿ):

ಮಾಸ್ತರರ ಗುಂಪಿನಲ್ಲಿ ಐವತ್ತು ಪುಟ ದಾಟದವರ ಪರವಾಗಿ ಮಾತನಾಡಲು ಯಾರಾದರೂ ಬೇಕು. ಪುಸ್ತಕವನ್ನು ಪೂರ್ತಿ ಓದಿಯೂ ಅವರ ಪಕ್ಷದಲ್ಲೇ ಇರುವವಳು ನಾನು.

ಕುಡ್ಲೆ ದಾರಿಯವರು ಹೊಗಳಿದ್ದೆಲ್ಲವೂ ನಾಲ್ಕು ಭಾಗಗಳಲ್ಲಿ ಮೊದಲ ಭಾಗದ್ದು ಎಂಬುದನ್ನು ಗಮನಿಸಬೇಕು. ಆ ಭಾಗ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಪಟ್ಟಣ ಸುಟ್ಟುಹೋದ ಮೇಲೆ ಕಥೆ ಏನಾಯಿತು? ಎರಡನೆಯ ಭಾಗದಲ್ಲಿ ಎಂಟು ಎಂಬ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದರೆ ಎಚ್ಚರಗೊಳ್ಳುವ ಭೂತದ ಗುಡಿ. ಮೂರನೆಯದರಲ್ಲಿ ಮನಸ್ಸಿನಲ್ಲಿ ಕಲ್ಪಿಸಿಕೊಂಡರಷ್ಟೇ ಇರುವ ಡ್ರ್ಯಾಗನ್‌ಗಳು. ನಾಲ್ಕನೆಯದರಲ್ಲಿ ಲೋಕದ ಅಂಚು. ಒಂದರಿಂದ ಇನ್ನೊಂದಕ್ಕೆ ಹೋಗಲು ಕಾರಣ ಬೇಕಾಗಿಲ್ಲ, ರಿನ್ಸ್‌ವಿಂಡ್ ಓಡಿದರೆ ಸಾಕು. ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ಮಾರಿಕಾಂಬೆಯ ಜಾತ್ರೆಯಲ್ಲಿ ಸಂಜೆಯೆಲ್ಲ ತಿರುಗಿದ ಹಾಗೆ, ನೋಡಿದ್ದು ಬಹಳ, ಮನೆಗೆ ತಂದದ್ದು ಎರಡು ಬಳೆ. ಕೊನೆಗಾದರೂ ಒಂದು ಗಂಟು ಬಿಗಿಯುತ್ತದೆಂದು ಕಾದರೆ, ನಾಯಕ ಲೋಕದ ಅಂಚಿನಿಂದ ಕೆಳಗೆ ಬೀಳುತ್ತಾನೆ, ಪುಸ್ತಕ ಮುಗಿಯುತ್ತದೆ. ಮುಂದಿನ ಕಥೆ ‘ದಿ ಲೈಟ್ ಫೆಂಟಾಸ್ಟಿಕ್’ ಬಂದದ್ದು 1986ರಲ್ಲಿ. ಮೂರು ವರ್ಷ ಆ ಬಡಪಾಯಿ ಗಾಳಿಯಲ್ಲಿದ್ದ, ಓದುಗರೂ ಇದ್ದರು.

ಅಣಕಿನ ವಿಷಯದಲ್ಲಿ ಮಾಸ್ತರರ ಅನುಮಾನವೇ ಸರಿ. ಮೂರನೆಯ ಭಾಗದ ಡ್ರ್ಯಾಗನ್ ಬೆಟ್ಟ ಯಾವುದನ್ನು ಗೇಲಿ ಮಾಡುತ್ತದೆಂದು ತಿಳಿಯದವರಿಗೆ ಅದು ಗೇಲಿಯಾಗಿ ಉಳಿಯದೆ ಬರಿಯ ಡ್ರ್ಯಾಗನ್ ಬೆಟ್ಟವಾಗಿಬಿಡುತ್ತದೆ, ಅದೂ ಅವಸರದಲ್ಲಿ ಕಟ್ಟಿದ್ದು. ಪಾತ್ರಗಳೂ ಅಷ್ಟೇ. ರಿನ್ಸ್‌ವಿಂಡ್ ಮೊದಲ ಪುಟದಲ್ಲಿ ಹೇಡಿ, ಕೊನೆಯ ಪುಟದಲ್ಲೂ ಹೇಡಿ. ಟೂಫ್ಲವರ್ ಕಂಡದ್ದನ್ನೆಲ್ಲ ಮೆಚ್ಚುತ್ತಲೇ ಇರುತ್ತಾನೆ. ನನ್ನ ಮಟ್ಟಿಗೆ ಇವರಿಬ್ಬರಿಗಿಂತ ಆ ಪೆಟ್ಟಿಗೆಗೇ ಹೆಚ್ಚು ಸ್ವಭಾವವಿದೆ.

ಪ್ರ್ಯಾಚೆಟ್ ಕೆಟ್ಟ ಲೇಖಕ ಎನ್ನುತ್ತಿಲ್ಲ, ತಪ್ಪು ತಿಳಿಯಬೇಡಿ. 1989ರ ‘ಗಾರ್ಡ್ಸ್! ಗಾರ್ಡ್ಸ್!’ ಓದಿ. ಪಟ್ಟಣ ಅದೇ, ಹೊಲಸೂ ಅದೇ. ಆದರೆ ಅಲ್ಲಿ ಕುಡಿತಕ್ಕೆ ಬಿದ್ದ ವೈಮ್ಸ್ ಎಂಬ ಕಾವಲುಪಡೆಯ ಮುಖ್ಯಸ್ಥನಿದ್ದಾನೆ. ಅವನಿಗೆ ನಾಚಿಕೆಯಿದೆ, ಸಿಟ್ಟಿದೆ, ಕಳೆದುಕೊಳ್ಳಲು ಏನೋ ಇದೆ. ಹಾಗಿದ್ದಾಗ ನಗು ಎದೆಗೆ ತಾಗುತ್ತದೆ. ಅಂದಹಾಗೆ ಅದು ಮಾಲೆಯಲ್ಲಿ ಎಂಟನೆಯ ಪುಸ್ತಕ; ಆ ಭೂತ ಕೇಳಿಸಿಕೊಳ್ಳದಿರಲಿ. ಮಾಲೆಯನ್ನು ಮೊದಲನೆಯದರಿಂದಲೇ ಶುರು ಮಾಡಬೇಕೆಂಬ ಶಾಸ್ತ್ರವನ್ನು ಮಾಸ್ತರರು ಬಿಟ್ಟಿದ್ದರೆ ಮೂವರು ಓದುಗರು ಉಳಿಯುತ್ತಿದ್ದರು.

ಶರಾವತಿ ದಂಡೆ (ಹೊನ್ನಾವರ):

ತಂಗಿ ಸೋಂದೆಯವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೂ ಆಕೆ ಈ ಪುಸ್ತಕವನ್ನು ತೂಗಿದ ತಕ್ಕಡಿ ಸರಿಯಿಲ್ಲವೆಂದು ನನಗೆ ಅನ್ನಿಸುತ್ತದೆ.

ನಾನು ಹವ್ಯಾಸಕ್ಕಾಗಿ ತಾಳಮದ್ದಳೆಯಲ್ಲಿ ಅರ್ಥ ಹೇಳುವವನು; ಚಿಕ್ಕಂದಿನಿಂದ ಬಯಲಾಟ ನೋಡುತ್ತಾ ಬೆಳೆದವನು. ನಮ್ಮ ಆಟದಲ್ಲಿ ಹಾಸ್ಯಗಾರನಿಗೆ ಉಳಿದ ವೇಷಗಳಿಗಿಲ್ಲದ ಒಂದು ಸಲುಗೆ ಇದೆ. ಭೀಮನ ವೇಷದವನು ಕಾಲದ ಎಲ್ಲೆಯನ್ನು ಮೀರುವಂತಿಲ್ಲ, ಅವನು ದ್ವಾಪರದಲ್ಲೇ ನಿಲ್ಲಬೇಕು. ದೂತನಾಗಿ ಬರುವ ಹಾಸ್ಯಗಾರನಾದರೋ ಹಸ್ತಿನಾವತಿಯ ಬಾಗಿಲಲ್ಲಿ ನಿಂತುಕೊಂಡೇ ಹೊನ್ನಾವರದ ಬಸ್ಸು ತಪ್ಪಿದ ಕಥೆ ಹೇಳಬಹುದು, ಪಡಿತರದ ಅಕ್ಕಿಯ ಮಾತೆತ್ತಬಹುದು, ಎದುರು ಸಾಲಿನಲ್ಲಿ ತೂಕಡಿಸುವ ಊರ ಸಾಹುಕಾರರನ್ನು ಎಬ್ಬಿಸಬಹುದು. ಕತ್ತಿ, ಮಂತ್ರ, ಡ್ರ್ಯಾಗನ್‌ಗಳ ಲೋಕಕ್ಕೆ ವಿಮೆ, ಕ್ಯಾಮರಾ, ಪ್ರವಾಸ ಇವುಗಳನ್ನು ತಂದುಹಾಕಿದ ಪ್ರ್ಯಾಚೆಟ್ ಮಾಡಿದ್ದು ಇದನ್ನೇ. ವ್ಯತ್ಯಾಸವೆಂದರೆ ಅವರು ಹಾಸ್ಯಗಾರನನ್ನೇ ರಾತ್ರಿಯಿಡೀ ರಂಗದ ಮೇಲೆ ನಿಲ್ಲಿಸಿ, ಕಿರೀಟ ಕಟ್ಟಿದ ವೀರರನ್ನು ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ವೇಷಗಳನ್ನಾಗಿಸಿದರು. ಹ್ರೂನ್ ಎಂಬ ಕತ್ತಿವೀರನ ಮೂಲ ಯಾರೆಂಬುದು ಗೊತ್ತಿರಬೇಕಾಗಿಲ್ಲ. ಎದೆ ತಟ್ಟಿಕೊಂಡು ಬರುವ, ಯೋಚಿಸುವಾಗ ತುಟಿ ಅಲುಗಾಡಿಸುವ ವೀರರನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ದೇವರುಗಳ ವಿಷಯವೂ ಹೀಗೆಯೇ. ಈ ಕಾದಂಬರಿಯಲ್ಲಿ ದೇವತೆಗಳು ಬೆಟ್ಟದ ಮೇಲೆ ಕುಳಿತು ಮನುಷ್ಯರನ್ನೇ ಕಾಯಿಗಳನ್ನಾಗಿ ಮಾಡಿಕೊಂಡು ಪಗಡೆಯಂಥ ಆಟವಾಡುತ್ತಾರೆ. ವಿಧಿ ಒಂದು ಕಡೆ, ಹೆಸರು ಹೇಳಿದರೆ ಹೊರಟುಹೋಗುವ ಅದೃಷ್ಟದೇವಿ ಇನ್ನೊಂದು ಕಡೆ. ಪರದೇಶದ ಕೆಲವು ಓದುಗರಿಗೆ ಇದು ಧಾರ್ಷ್ಟ್ಯವೆಂದು ತೋರಬಹುದು. ಗೋಕರ್ಣದ ಸ್ಥಳಪುರಾಣವನ್ನು ಒಮ್ಮೆ ನೆನೆಯಿರಿ: ಹತ್ತು ತಲೆಯ ರಾವಣ ಕೈಯಲ್ಲಿ ಆತ್ಮಲಿಂಗ ಹಿಡಿದು ಸಂಧ್ಯಾವಂದನೆಗೆ ಹೊತ್ತಾಯಿತೆಂದು ಪರದಾಡುತ್ತಾನೆ, ದನ ಕಾಯುವ ಮಾಣಿಯ ವೇಷದಲ್ಲಿ ಬಂದ ಗಣಪತಿ ಮೂರು ಸಲ ಕೂಗಿ ಲಿಂಗವನ್ನು ನೆಲಕ್ಕಿಟ್ಟುಬಿಡುತ್ತಾನೆ, ಸಿಟ್ಟಿಗೆದ್ದ ರಾವಣ ಅವನ ತಲೆಗೊಂದು ಗುದ್ದುತ್ತಾನೆ. ಆ ಗುದ್ದಿನ ಗುರುತಿರುವ ಗಣಪತಿಗೇ ನಾವು ಇಂದಿಗೂ ಮೊದಲ ಪೂಜೆ ಮಾಡುತ್ತೇವೆ. ನಗುವುದಕ್ಕೂ ಕೈಮುಗಿಯುವುದಕ್ಕೂ ನಡುವೆ ಬೇಲಿ ಹಾಕದ ಸೀಮೆಯವರು ನಾವು. ಆದ್ದರಿಂದ ಮಾಸ್ತರೇ, ಮೊದಲ ಪುಟದ ಆಮೆ ನಿಮಗೆ ನಗು ತರಿಸದಿದ್ದರೆ ಅದು ಸೋಲಲ್ಲ. ನೀವು ಆ ಲೋಕದೊಳಗೆ ಬಾಗಿಲು ತಟ್ಟದೆಯೇ ಹೋದಿರಿ ಎಂದಷ್ಟೇ ಅದರ ಅರ್ಥ.

ನಿಜವಾದ ಕಷ್ಟ ಇರುವುದು ಭಾಷೆಯಲ್ಲಿ. ಟೂಫ್ಲವರ್ ತನ್ನ ನಾಡಿನ ಪದಗಳನ್ನು ಹೇಳುವಾಗ ಛತ್ರದವನಿಗೆ ‘ಇನ್‌ಶೂರೆನ್ಸ್’ ಎಂಬುದು ಛತ್ರ, ಚರಂಡಿ, ಇರುವೆ ಎಂಬ ಮೂರು ಇಂಗ್ಲಿಷ್ ಪದಗಳಾಗಿ ಕೇಳಿಸುತ್ತದೆ. ‘ಎಕನಾಮಿಕ್ಸ್’ ಎಂಬುದನ್ನು ಪ್ರ್ಯಾಚೆಟ್ ಪ್ರತಿಧ್ವನಿ, ಪಾತಾಳದ ಕುಳ್ಳರು ಎಂದು ಒಡೆದು ಆಟವಾಡುತ್ತಾರೆ. ಇದನ್ನು ಮಾತಿಗೆ ಮಾತಿಟ್ಟು ಕನ್ನಡಿಸಿದರೆ ಅಡಿಕೆ ಸುಲಿದು ಸಿಪ್ಪೆ ಇಟ್ಟುಕೊಂಡಂತೆ. ನಾನು ಅರ್ಥ ಹೇಳುವವನಾದರೆ ಛತ್ರದವನ ಕಿವಿಗೆ ಅದನ್ನು ‘ಇನ್ನು ಶೂರ ಎನ್ಸು’ ಎಂದು ಕೇಳಿಸುತ್ತೇನೆ. ವೀರರೇ ಕುಡಿದು ಬಡಿದಾಡುವ ಆ ಅಂಗಡಿಯಲ್ಲಿ, ಹಣ ಕಟ್ಟಿದರೆ ಇನ್ನು ಮುಂದೆ ನಾನೂ ಶೂರನೆನಿಸಿಕೊಳ್ಳುತ್ತೇನೆಂದು ಆ ಹೊಟ್ಟೆಬಾಕ ನಂಬಬೇಕು. ‘ಎಕನಾಮಿಕ್ಸ್’ ಎಂಬುದು ‘ಏಕನಾಮ’ವಾಗಲಿ: ಎಲ್ಲರ ಹಣೆಗೂ ಎಳೆಯುವ ಒಂದೇ ನಾಮ.

ಕುಮಟೆಯ ಹಳೆಯ ಮಾಸ್ತರ:

‘ಏಕನಾಮ’ ಎಂಬುದನ್ನು ನಮ್ಮ ಗುಂಪಿನಲ್ಲಿರುವ ನಿವೃತ್ತ ಬ್ಯಾಂಕ್ ವ್ಯವಸ್ಥಾಪಕರಿಗೆ ದೂರವಾಣಿಯಲ್ಲಿ ಓದಿ ಹೇಳಿದೆ. ಐವತ್ತು ಪುಟ ದಾಟದವರಲ್ಲಿ ಅವರೂ ಒಬ್ಬರು. ಎರಡು ಕ್ಷಣ ಸುಮ್ಮನಿದ್ದು, ಪುಸ್ತಕವನ್ನು ಇನ್ನೊಮ್ಮೆ ಕೊಡಿ ಎಂದರು. ಒಂದು ಸಂದೇಹ ಉಳಿದಿದೆ. ಮೃತ್ಯು ಇದರಲ್ಲಿ ಒಂದು ಪಾತ್ರವಾಗಿ ಬರುತ್ತಾನೆ, ಅವನ ಮಾತುಗಳೆಲ್ಲವೂ ದೊಡ್ಡಕ್ಷರಗಳಲ್ಲಿ ಅಚ್ಚಾಗಿವೆ. ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲದ ಕನ್ನಡದಲ್ಲಿ ಅವನಿಗೆ ಯಾವ ದನಿ ಕೊಡುತ್ತೀರಿ?

ಶರಾವತಿ ದಂಡೆ (ಹೊನ್ನಾವರ):

ಹಳಗನ್ನಡ. ‘ಆನ್ ನಿನ್ನನಲ್ಲಿ ಕಾಣ್ಬೆನೆಂದಿರ್ದೆಂ’ ಎಂದು ಅವನು ರಿನ್ಸ್‌ವಿಂಡ್‌ನ ಬೆನ್ನ ಹಿಂದೆ ನಿಂತು ಹೇಳಿದರೆ ಸಾಕು, ಬೇರೆ ಅಚ್ಚಿನ ಅಗತ್ಯವಿಲ್ಲ.

ಕಾಳಿ ತೀರ (ಕಾರವಾರ):

ಹಳಗನ್ನಡದ ಸಲಹೆ ಕೇಳಲು ಸೊಗಸಾಗಿದೆ, ಆದರೆ ಮೃತ್ಯುವಿನ ಹಾಸ್ಯವನ್ನು ಅದು ಕೆಡಿಸುತ್ತದೆಂದು ನನ್ನ ಭಾವನೆ. ನೀವು ಸೂಚಿಸಿದ ಆ ಸನ್ನಿವೇಶವನ್ನೇ ನೋಡೋಣ. ಮೃತ್ಯು ರಿನ್ಸ್‌ವಿಂಡ್‌ನನ್ನು ಒಂದು ಊರಿನಲ್ಲಿ ಕೊಂಡೊಯ್ಯಬೇಕಾಗಿತ್ತು, ಇವನು ಇನ್ನೊಂದು ಊರಿನಲ್ಲಿ ಎದುರಾಗಿಬಿಡುತ್ತಾನೆ. ಮೃತ್ಯುವಿಗೆ ಇರಿಸುಮುರಿಸಾಗುತ್ತದೆ, ಸ್ವಲ್ಪ ಅಲ್ಲಿಯವರೆಗೆ ಬಂದುಬಿಡುವೆಯಾ, ಬೇಕಾದರೆ ವೇಗದ ಕುದುರೆ ಕೊಡುತ್ತೇನೆ ಎಂದು ಕೇಳುತ್ತಾನೆ. ತಲೆಬುರುಡೆಯ ಬಾಯಿಂದ ಗುಹೆಯ ಗಾಂಭೀರ್ಯದ ದನಿಯಲ್ಲಿ ಬರುವುದು ತಾಲೂಕು ಕಚೇರಿಯ ಗುಮಾಸ್ತನ ಮಾತು. ಭಾಷೆ ಸಾದಾ ಇದ್ದಷ್ಟೂ ನಗು ಹೆಚ್ಚು. ಹಳಗನ್ನಡವಾದರೆ ಓದುಗ ಮೊದಲು ಅರ್ಥ ಬಿಡಿಸಿಕೊಂಡು ಆಮೇಲೆ ನಗಬೇಕು. ನಾನಾದರೆ ಅವನಿಗೆ ಉದ್ಧರಣ ಚಿಹ್ನೆಯನ್ನೇ ಕೊಡುವುದಿಲ್ಲ. ಮಾಲೆಯ ಮುಂದಿನ ಪುಸ್ತಕಗಳಲ್ಲಿಯೂ ಅವನ ಮಾತಿಗೆ ಆ ಚಿಹ್ನೆಯಿಲ್ಲ. ಪ್ರತಿಯೊಂದು ಮಾತನ್ನೂ ದಪ್ಪಕ್ಷರದ ಬೇರೆ ಸಾಲಿನಲ್ಲಿ ನಿಲ್ಲಿಸಿ, ಕಚೇರಿಯ ಪತ್ರದ ಕನ್ನಡದಲ್ಲಿ ಬರೆಯುತ್ತೇನೆ. ‘ತಾವು ಸದರಿ ಸ್ಥಳದಲ್ಲಿ ಹಾಜರಿರತಕ್ಕದ್ದು’ ಎಂಬುದಕ್ಕಿಂತ ಭಯಂಕರವಾದ ಕನ್ನಡ ವಾಕ್ಯ ಇನ್ನೊಂದಿದೆಯೇ?

ಈ ಕಚೇರಿಯ ದನಿ ಲೇಖಕರಿಗೆ ಎಲ್ಲಿಂದ ಬಂತೆಂಬುದನ್ನು ನಾನು ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಊಹಿಸಬಲ್ಲೆ. ಪ್ರ್ಯಾಚೆಟ್ ಪತ್ರಕರ್ತರಾಗಿ ಆರಂಭಿಸಿ, ಆಮೇಲೆ ಇಂಗ್ಲೆಂಡಿನ ಸರ್ಕಾರಿ ವಿದ್ಯುತ್ ಮಂಡಳಿಯಲ್ಲಿ ಪತ್ರಿಕಾ ಅಧಿಕಾರಿಯಾಗಿದ್ದವರು. ಅಣುವಿದ್ಯುತ್ ಸ್ಥಾವರಗಳ ವಿಷಯದಲ್ಲಿ ಪತ್ರಿಕೆಯವರಿಗೆ ಉತ್ತರ ಕೊಡುವುದು ಅವರ ಕೆಲಸವಾಗಿತ್ತು. 1979ರಲ್ಲಿ ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅವಘಡ ನಡೆದು, ಜಗತ್ತಿನ ಕಣ್ಣೆಲ್ಲ ಅಣುಸ್ಥಾವರಗಳ ಮೇಲೆ ನೆಟ್ಟಿದ್ದ ಕಾಲವದು. ಈ ಕಾದಂಬರಿ ಬಂದದ್ದು ಆ ನೌಕರಿಯಲ್ಲಿರುವಾಗಲೇ. 1987ರಲ್ಲಷ್ಟೇ ಅವರು ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೆ ಇಳಿದರು. ಕೈಗಾ ಅಣುಸ್ಥಾವರದ ನೆರಳಿನಲ್ಲಿ ಬದುಕಿದ ನನ್ನಂಥವನಿಗೆ ಆ ಮಾತಿನ ಧಾಟಿ ಪರಿಚಿತ. ಯಾರೂ ಗಾಬರಿಯಾಗದಂತೆ, ಸುಳ್ಳೂ ಆಗದಂತೆ, ಬೆಂಕಿಯ ವಿಷಯವನ್ನು ತಣ್ಣಗೆ ವಿವರಿಸುವ ಧಾಟಿ ಅದು. ಪಟ್ಟಣ ಹೊತ್ತಿ ಉರಿಯುವುದನ್ನೂ ಪ್ರ್ಯಾಚೆಟ್ ಅದೇ ಧಾಟಿಯಲ್ಲಿ ಹೇಳುತ್ತಾರೆ. ಮುಂದಿನ ಪುಸ್ತಕಗಳಲ್ಲಿ ಹೆಚ್ಚುತ್ತಾ ಹೋಗುವ ಅವರ ಅಡಿಟಿಪ್ಪಣಿಗಳಲ್ಲಿ ಈ ಗುಣ ಎದ್ದು ಕಾಣುತ್ತದೆ. ಕಥೆ ಮೇಲೆ ಓಡುತ್ತಿರುತ್ತದೆ, ಕೆಳಗೆ ಒಬ್ಬ ಸಾವಧಾನದ ಅಧಿಕಾರಿ ಕುಳಿತು ಯಾರೂ ಕೇಳದ ವಿವರವನ್ನು ಕೊಡುತ್ತಿರುತ್ತಾನೆ.

ಮೃತ್ಯು ಇಷ್ಟವಾಗಿದ್ದರೆ 1987ರ ‘ಮಾರ್ಟ್’ ಓದಿ. ಮೊದಲ ಪುಸ್ತಕದಲ್ಲಿ ಸಿಡುಕನಾಗಿದ್ದ ಅವನು ಅಲ್ಲಿ ಕೆಲಸ ಕಲಿಯಲು ಒಬ್ಬ ಹಳ್ಳಿಯ ಹುಡುಗನನ್ನು ಇಟ್ಟುಕೊಳ್ಳುತ್ತಾನೆ, ಬೆಕ್ಕುಗಳನ್ನು ಪ್ರೀತಿಸುತ್ತಾನೆ.

ಸೋಂದೆ ಕಡೆಯವಳು (ಶಿರಸಿ):

ಹಾಸ್ಯಗಾರನ ಹೋಲಿಕೆಯನ್ನು ಒಪ್ಪಿದೆ, ಅಣ್ಣ. ಆದರೆ ಅದೇ ಹೋಲಿಕೆ ನನ್ನ ದೂರನ್ನೂ ಸಮರ್ಥಿಸುತ್ತದೆಯಲ್ಲ? ನಳನ ಕಥೆಯಲ್ಲಿ ಬಾಹುಕನನ್ನು ನೋಡಿ ನಾವು ನಗುವುದು ಆ ಸೊಟ್ಟ ಮೈಯೊಳಗೆ ರಾಜ್ಯವನ್ನೂ ಹೆಂಡತಿಯನ್ನೂ ಕಳೆದುಕೊಂಡ ಅರಸನಿದ್ದಾನೆಂದು ಗೊತ್ತಿರುವುದರಿಂದ. ನಗುವಿನ ಕೆಳಗೆ ಆ ಸಂಕಟ ಇಲ್ಲದಿದ್ದರೆ ಅದು ಬರಿಯ ಕುಣಿತ. ರಿನ್ಸ್‌ವಿಂಡ್‌ನೊಳಗೆ ಕುಳಿತಿರುವುದು ಒಂದು ಮಂತ್ರ ಮಾತ್ರ. ಕಾಳಿ ತೀರದವರ ಕಚೇರಿ ಕನ್ನಡಕ್ಕೆ ಮಾತ್ರ ನನ್ನ ಪೂರ್ಣ ಒಪ್ಪಿಗೆಯಿದೆ. ಜಮೀನಿನ ಪಹಣಿ ತಿದ್ದುಪಡಿಗೆ ಓಡಾಡಿದವರಿಗೆಲ್ಲ ಆ ಮೃತ್ಯುವಿನ ಪರಿಚಯವಿದೆ.

ಟೊಂಕದ ಮರಳು (ಕಾಸರಕೋಡು):

ನಾಲ್ಕನೆಯ ಭಾಗವನ್ನು ಇಲ್ಲಿ ಯಾರೂ ವಿವರವಾಗಿ ಮುಟ್ಟಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಾವು ಮೀನುಗಾರಿಕೆಯ ಮನೆಯವರು; ನನಗೆ ಆ ಭಾಗವೇ ಪುಸ್ತಕದ ಪ್ರಾಣ.

ಲೋಕದ ಅಂಚಿನಲ್ಲಿ ಸಮುದ್ರವೇ ಕೆಳಗೆ ಧುಮುಕುತ್ತದೆ. ಅಲ್ಲಿನ ಕ್ರುಲ್ ಎಂಬ ನಾಡಿನವರು ಅಂಚಿನ ಉದ್ದಕ್ಕೂ ಸಾವಿರಾರು ಮೈಲಿಯ ಬಲೆಬೇಲಿ ಕಟ್ಟಿ, ತೇಲಿ ಬಂದದ್ದನ್ನೆಲ್ಲ ಹಿಡಿದುಕೊಂಡು ಶ್ರೀಮಂತರಾಗಿದ್ದಾರೆ. ನಮ್ಮ ಅಜ್ಜನ ಕಾಲದ ರಂಪಣಿಯ ನೆನಪಾಗದೆ ಇರಲಿಲ್ಲ. ಊರಿಗೆ ಊರೇ ದಂಡೆಯಲ್ಲಿ ನಿಂತು ಎಳೆಯುತ್ತಿದ್ದ ಆ ದೊಡ್ಡ ಬಲೆಯಲ್ಲಿ ಬಂಗಡೆಯ ಜೊತೆಗೆ ಏನೇನು ಬಂದು ಬೀಳುತ್ತಿತ್ತೆಂದು ಅಜ್ಜ ಹೇಳುತ್ತಿದ್ದದ್ದೇ ಒಂದು ಅದ್ಭುತ ಕಥೆಯಾಗಿತ್ತು. ಆ ಬೇಲಿ ಕಾಯುವವನು ಮೈಯೆಲ್ಲ ನೀರಿನಿಂದಲೇ ಆದ ಒಬ್ಬ ಕಡಲ ರಾಕ್ಷಸ. ಅವನು ಬೇರೊಂದು ಲೋಕದ ಅಂಚಿನಿಂದ ಜಾರಿ ಬಿದ್ದು ಇಲ್ಲಿಗೆ ಬಂದವನು. ಉಬ್ಬರವಿಳಿತಗಳು ಅವನ ಮೈಯೊಳಗೇ ನಡೆಯುತ್ತವೆ, ಅದೇ ಅವನ ಕಾಯಿಲೆ. ಸೋಂದೆಯ ಅಕ್ಕ ಹುಡುಕಿದ ಸಂಕಟ ಅವನಲ್ಲಿದೆ. ಮತ್ತೊಮ್ಮೆ ಓದಿ ನೋಡಬೇಕು.

ಆಮೆಯ ಮಾತಿಗೆ ಬರುತ್ತೇನೆ. ಕ್ರುಲ್‌ನ ವಿದ್ವಾಂಸರನ್ನು ಕಾಡುವ ದೊಡ್ಡ ಪ್ರಶ್ನೆಯೆಂದರೆ ಲೋಕವನ್ನು ಹೊತ್ತ ಆಮೆ ಗಂಡೋ ಹೆಣ್ಣೋ ಎಂಬುದು. ಅದನ್ನು ತಿಳಿಯಲು ಅವರು ಕಂಚಿನ ನೌಕೆಯೊಂದನ್ನು ಕಟ್ಟಿ ಅಂಚಿನಿಂದ ಕೆಳಗಿಳಿಸಲು ಹೊರಡುತ್ತಾರೆ. ಆಮೆ ತನ್ನ ಜೋಡಿಯ ಕಡೆಗೆ ಈಜುತ್ತಿದ್ದರೆ ಆ ದಿನ ಲೋಕದ ಗತಿಯೇನು ಎಂಬ ಭಯವೂ ಅವರಿಗಿದೆ. ಓದಿದವರೆಲ್ಲ ಇದನ್ನು ಪೋಲಿ ನಗೆಯೆಂದು ತಳ್ಳಿಬಿಡುತ್ತಾರೆ. ನಮ್ಮ ಟೊಂಕದ ದಂಡೆಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆಗಳಿರುತ್ತವೆ. ಅವುಗಳನ್ನು ಕಾಯುವ ಹುಡುಗರ ಜೊತೆ ರಾತ್ರಿ ಕುಳಿತ ನಾನು ಹೇಳುತ್ತೇನೆ, ಅದು ವಿದ್ವಾಂಸರು ಕೇಳಬೇಕಾದ ಪ್ರಶ್ನೆಯೇ. ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮರಳಿನ ಬಿಸಿ. ಮರಳು ಹೆಚ್ಚು ಕಾದರೆ ಹೆಣ್ಣು ಮರಿಗಳೇ ಹೆಚ್ಚು. ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟು ನೋಡಿದರೂ ಹೊರಗಿನಿಂದ ಭೇದ ತಿಳಿಯುವುದಿಲ್ಲ. ಬೆಳೆದ ಮೇಲೆ ಬಾಲ ನೋಡಿ ಹೇಳಬಹುದು. ಗಂಡಿನ ಬಾಲ ಚಿಪ್ಪಿನಿಂದ ಹೊರಗೆ ಉದ್ದಕ್ಕೆ ಚಾಚಿರುತ್ತದೆ. ಚಿಪ್ಪಿನ ಮೇಲೆಯೇ ಲೋಕ ಕಟ್ಟಿಕೊಂಡು ಕುಳಿತವರು ಅದರ ಬಾಲವನ್ನು ನೋಡುವುದಾದರೂ ಹೇಗೆ? ಅಂಚಿನಿಂದ ಹಗ್ಗ ಬಿಟ್ಟು ಇಳಿಯಲೇಬೇಕು. ಹಾಗಾಗಿ ಆ ನೌಕೆಯ ಲೆಕ್ಕಾಚಾರ ಹುಚ್ಚಾಟದಂತೆ ಕಂಡರೂ ಸರಿಯಾಗಿಯೇ ಇದೆ.

ಕುಮಟೆಯ ಹಳೆಯ ಮಾಸ್ತರ:

ಎಲ್ಲರಿಗೂ ಋಣಿಯಾಗಿದ್ದೇನೆ. ಭಾನುವಾರ ಮತ್ತೆ ಸೇರಿದ್ದೆವು. ಕೊನೆಯ ಭಾಗದ ಬಲೆಬೇಲಿಯ ಪುಟಗಳನ್ನು ಟೊಂಕದ ಮರಳು ಅವರ ಮಾತುಗಳೊಂದಿಗೆ ಸೇರಿಸಿ ಗಟ್ಟಿಯಾಗಿ ಓದಿದೆ. ಕಡಲ ರಾಕ್ಷಸನ ಭಾಗದಲ್ಲಿ ಯಾರೂ ನಗಲಿಲ್ಲ, ಆದರೆ ಯಾರೂ ಎದ್ದುಹೋಗಲೂ ಇಲ್ಲ. ಐವತ್ತು ಪುಟದ ಮೂವರಲ್ಲಿ ಇಬ್ಬರು ಮರಳಿದ್ದಾರೆ, ಒಬ್ಬರು ಗುಂಪನ್ನೇ ಬಿಟ್ಟರು. ಈಗ ಏಳು ಜನ ಉಳಿದಿರುವುದರಿಂದ ಆ ಗುಡಿಯ ಭೂತದ ಭಯವೂ ಇಲ್ಲ. ಮುಂದಿನ ತಿಂಗಳಿಗೆ ‘ಗಾರ್ಡ್ಸ್! ಗಾರ್ಡ್ಸ್!’ ಎಂದು ನಾಲ್ವರೂ ‘ಮಾರ್ಟ್’ ಎಂದು ಮೂವರೂ ಕೈಯೆತ್ತಿದರು. ನಮ್ಮಲ್ಲಿ ‘ಗಾರ್ಡ್ಸ್! ಗಾರ್ಡ್ಸ್!’ನ ಒಂದು ಪ್ರತಿ ಮಾತ್ರ ಇದೆ. ಸೋಂದೆಯ ತಂಗಿ ತಮ್ಮ ಪ್ರತಿಯನ್ನು ದೇವಿಮನೆ ಘಟ್ಟ ಇಳಿದು ಬರುವ ಯಾರ ಕೈಯಲ್ಲಾದರೂ ಕಳುಹಿಸಿದರೆ, ರಟ್ಟು ಕಟ್ಟಿಸಿ ಜೋಪಾನವಾಗಿ ಹಿಂದಿರುಗಿಸುತ್ತೇನೆ.